ಸಿಂಕ್‌ಟರ್ಮ್‌ನಲ್ಲಿ ಬಿಬಿಎಸ್ ಸಲೀಸಾಗಿ ಓದುವುದು ಹೇಗೆ

ಬಿಬಿಎಸ್ (ಬುಲೆಟಿನ್ ಬೋರ್ಡ್) ಎಂದರೆ ದೂರದ ಗಣಕವೊಂದಕ್ಕೆ ಸಂಪರ್ಕಿಸಿ ಬರಿಯ ಅಕ್ಷರಗಳ ಪರದೆಯಲ್ಲಿ ಸಂದೇಶ ಓದಿ ಬರೆಯುವ ತಾಣ. ಅದಕ್ಕೆ ಮೊದಲ ಸಲ ಟೆಲ್ನೆಟ್ ಎಂಬ ಹಳೆಯ ಸಂಪರ್ಕ ವಿಧಾನದಲ್ಲಿ ಹೋದವರಿಗೆ ಎದುರಾಗುವುದು ಹರಿದ ಪರದೆ: ಚೌಕಟ್ಟಿನ ಗೆರೆಗಳಿದ್ದ ಕಡೆ ಪ್ರಶ್ನೆ ಚಿಹ್ನೆ, ಮೆನುವಿನ ಮೊದಲ ಸಾಲೇ ನಾಪತ್ತೆ, ಬ್ಯಾಕ್‌ಸ್ಪೇಸ್ ಒತ್ತಿದರೂ ಅಳಿಯದ ಅಕ್ಷರ. ಈ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ, ಮೂರೂ ಹತ್ತು ನಿಮಿಷದಲ್ಲಿ ಸರಿಹೋಗುತ್ತವೆ.

ಹೆಚ್ಚಿನ ಬೋರ್ಡ್‌ಗಳು ಇಂದಿಗೂ ಡಾಸ್ ಕಾಲದ ಅಕ್ಷರ ಸಮೂಹವಾದ ಕೋಡ್‌ಪೇಜ್ 437 (ಸಿಪಿ437) ಬಳಸುತ್ತವೆ. ಅದರಲ್ಲಿ ಒಂದು ಬೈಟಿಗೆ ಒಂದು ಚಿಹ್ನೆ, ಒಟ್ಟು 256. ಇಂದಿನ ಅಕ್ಷರ ಸಂಕೇತವಾದ ಯುಟಿಎಫ್-8 ಬಳಸುವ ಟರ್ಮಿನಲ್‌ಗೆ (ಅಕ್ಷರ ಪರದೆಯ ತಂತ್ರಾಂಶಕ್ಕೆ) ಆ ಬೈಟುಗಳು ಅರ್ಥವಾಗುವುದಿಲ್ಲ, ಗೆರೆ ಕೆಡುವುದು ಅದಕ್ಕೇ. ಪರದೆಯ ಅಳತೆ 80 ಕಾಲಂ, 25 ಸಾಲು ಇರಬೇಕು. ಪುಟ್ಟಿಯಂಥ ಟರ್ಮಿನಲ್‌ಗಳಲ್ಲಿ ಮೊದಲಿಗೆ ಇರುವುದು 24 ಸಾಲು. ಆ ಒಂದು ಸಾಲಿನ ಕೊರತೆಯಿಂದ ಚಿತ್ರ ಮೇಲಕ್ಕೆ ಸರಿದು ತಲೆಬರಹ ಮಾಯವಾಗುತ್ತದೆ. ಇನ್ನು ಬ್ಯಾಕ್‌ಸ್ಪೇಸ್: ಕೆಲವು ಟರ್ಮಿನಲ್ 127ನೇ ಬೈಟ್ ಕಳಿಸುತ್ತದೆ, ಬೋರ್ಡ್ 8ನೆಯದಕ್ಕೆ ಕಾಯುತ್ತಿರುತ್ತದೆ. ಪುಟ್ಟಿಯಲ್ಲೇ ಇರಬೇಕು ಎನ್ನುವವರು ಕೀಬೋರ್ಡ್ ಪುಟದಲ್ಲಿ ಬ್ಯಾಕ್‌ಸ್ಪೇಸನ್ನು ಕಂಟ್ರೋಲ್-ಎಚ್ ಎಂದೂ, ಟ್ರಾನ್ಸ್‌ಲೇಶನ್ ಪುಟದಲ್ಲಿ ಅಕ್ಷರ ಸಮೂಹವನ್ನು ಸಿಪಿ437 ಎಂದೂ ಬದಲಿಸಿ, ಸಾಲು 25 ಮಾಡಿಕೊಂಡರೆ ಸಾಕು. ನಮ್ಮ ಸಲಹೆ ಮಾತ್ರ ಸಿಂಕ್‌ಟರ್ಮ್. ಬಿಬಿಎಸ್‌ಗೆಂದೇ ಬರೆದ ಉಚಿತ ತಂತ್ರಾಂಶ ಅದು. ಅಕ್ಷರ ಸಮೂಹ, ಬ್ಯಾಕ್‌ಸ್ಪೇಸ್ ಎರಡೂ ಅದರಲ್ಲಿ ಮೊದಲೇ ಸರಿಯಾಗಿರುತ್ತವೆ; ಬೋರ್ಡ್‌ನ ನಮೂದಿನಲ್ಲಿ ಕೆಳಗಿನ ಸ್ಥಿತಿ ಸಾಲನ್ನು ಮರೆಮಾಡಿಕೊಂಡರೆ 25 ಸಾಲೂ ಸಿಗುತ್ತದೆ.

ಸಿಂಕ್‌ಟರ್ಮ್ ತೆರೆದರೆ ಬೋರ್ಡ್‌ಗಳ ಪಟ್ಟಿ ಬರುತ್ತದೆ. ಇನ್ಸರ್ಟ್ ಕೀ ಒತ್ತಿ ಹೆಸರು, ಸಂಪರ್ಕದ ಬಗೆ, ವಿಳಾಸ ಕೊಡಿ. ಬೋರ್ಡ್ ಎಸ್ಎಸ್ಎಚ್ (ಗೂಢಲಿಪಿಯ ಸಂಪರ್ಕ) ಕೊಡುತ್ತಿದ್ದರೆ ಅದನ್ನೇ ಆರಿಸಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಆದ್ದರಿಂದ ಬ್ಯಾಂಕಿಗೋ ಇಮೇಲ್‌ಗೋ ಇಟ್ಟಿರುವ ಪಾಸ್‌ವರ್ಡನ್ನು ಇಲ್ಲಿ ಖಂಡಿತ ಇಡಬೇಡಿ. ಹೆಸರು, ಪಾಸ್‌ವರ್ಡನ್ನು ಆ ನಮೂದಿನಲ್ಲೇ ತುಂಬಿಟ್ಟರೆ ಲಾಗಿನ್ ಪ್ರಶ್ನೆ ಬಂದಾಗ ಆಲ್ಟ್-ಎಲ್ ಒತ್ತಿದರಾಯಿತು, ಎರಡೂ ತಾವಾಗಿ ಹೋಗುತ್ತವೆ.

ಕೈಗೆ ರೂಢಿಯಾಗಬೇಕಾದ ಕೀಗಳು ಇನ್ನು ಮೂರೇ. ಆಲ್ಟ್-ಬಿ ಒತ್ತಿದರೆ ಮೇಲೆ ಸರಿದುಹೋದ ಸಾಲುಗಳು ಮತ್ತೆ ಸಿಗುತ್ತವೆ. ಉದ್ದದ ಸಂದೇಶ ಓದುವಾಗ ಇದಿಲ್ಲದೆ ಆಗದು. ಆಲ್ಟ್-ಸಿ ಪರದೆಗೆ ಬಂದದ್ದನ್ನೆಲ್ಲ ಕಡತಕ್ಕೆ ಬರೆದಿಡುತ್ತದೆ. ಉಳಿದದ್ದೆಲ್ಲ ಆಲ್ಟ್-ಜಡ್ ಮೆನುವಿನಲ್ಲಿದೆ. ಅಕ್ಷರ ಚಿಕ್ಕದೆನಿಸಿದರೆ ಆಲ್ಟ್-ಎಂಟರ್ ಒತ್ತಿ ಪೂರ್ಣ ಪರದೆಗೆ ಹೋಗಿ. 132 ಕಾಲಂ ಮಾಡುವ ಆಸೆ ಬೇಡ, ಬೋರ್ಡ್‌ಗಳ ಹೆಚ್ಚಿನ ಚಿತ್ರಗಳು 80ರ ಲೆಕ್ಕದಲ್ಲೇ ಬರೆದವು.

ಬರೆಯುವಾಗ ಹೆಚ್ಚು ನಷ್ಟವಾಗುವುದು ಸಮಯದ ಮಿತಿಯಿಂದ. ಕೆಲಹೊತ್ತು ಕೀ ಒತ್ತದಿದ್ದರೆ ಬೋರ್ಡ್ ಸಂಪರ್ಕ ಕಡಿದುಹಾಕುತ್ತದೆ, ಅರ್ಧ ಬರೆದ ಉತ್ತರವೂ ಅದರೊಂದಿಗೇ ಹೋಗಬಹುದು. ನಾಲ್ಕು ಸಾಲಿಗಿಂತ ಉದ್ದವಿದ್ದರೆ ನಿಮ್ಮ ಸ್ವಂತ ಎಡಿಟರ್‌ನಲ್ಲಿ ಬರೆದು ಶಿಫ್ಟ್-ಇನ್ಸರ್ಟ್‌ನಿಂದ ಅಂಟಿಸಿ. ಸಾಲನ್ನು 72 ಅಕ್ಷರಕ್ಕೆ ಮುರಿಯಿರಿ. ಓದಿದವರು ಉತ್ತರಿಸುವಾಗ ಉಲ್ಲೇಖದ ಗುರುತು ಸಾಲಿನ ಮುಂದೆ ಸೇರುತ್ತದೆ. ಜಾಗ ಬಿಟ್ಟಿರದಿದ್ದರೆ ಎರಡು ಮೂರು ಉತ್ತರ ದಾಟುವಷ್ಟರಲ್ಲಿ ಸಾಲುಗಳು ತುಂಡು ತುಂಡಾಗಿ ಓದಲಾಗದಂತಾಗುತ್ತವೆ. ವರ್ಡ್‌ನಲ್ಲಿ ಬರೆದು ತರಬೇಡಿ, ಅದರ ಬಾಗಿದ ಉದ್ಧರಣ ಚಿಹ್ನೆ ಒಂದೊಂದೂ ಇಲ್ಲಿ ಮೂರು ಕಸದ ಅಕ್ಷರವಾಗಿ ಕಾಣಬಹುದು.

ಕನ್ನಡಕ್ಕೂ ಇದೇ ತೊಡಕು. ಯುಟಿಎಫ್-8ರಲ್ಲಿ ‘ಕ’ ಮೂರು ಬೈಟು, ‘ಕಿ’ ಆರು. 437ರ ಪರದೆಯಲ್ಲಿ ಪ್ರತಿ ಮೂರರಲ್ಲಿ ಮೊದಲನೆಯದು ಗ್ರೀಕ್ ಆಲ್ಫಾ ಆಗಿಯೂ ಎರಡನೆಯದು ಚುಕ್ಕಿ ತುಂಬಿದ ಚೌಕ ಅಥವಾ ನೆಟ್ಟಗಿನ ಗೆರೆಯಾಗಿಯೂ ಬರುತ್ತದೆ. ಸಾಲು ತುಂಬ ಆಲ್ಫಾ ಕಂಡರೆ ಯಾರೋ ಕನ್ನಡದಲ್ಲೋ ಅಕ್ಕಪಕ್ಕದ ಭಾರತೀಯ ಲಿಪಿಯಲ್ಲೋ ಬರೆದಿದ್ದಾರೆ ಎಂದು ತಿಳಿಯಬಹುದು. ಯುಟಿಎಫ್-8 ಒಪ್ಪುವ ಬೋರ್ಡ್‌ಗಳೂ ಇವೆ. ಅಂಥವಕ್ಕೆ ಸಾಮಾನ್ಯ ಟರ್ಮಿನಲ್‌ನಿಂದ ಎಸ್ಎಸ್ಎಚ್‌ನಲ್ಲಿ ಹೋಗಿ. ಅಲ್ಲಿಯೂ ಹಲವು ಟರ್ಮಿನಲ್‌ಗಳು ಒತ್ತಕ್ಷರ ಸರಿಯಾಗಿ ಕೂಡಿಸುವುದಿಲ್ಲ.

ದಿನವೂ ಓದುವವರಿಗೆ ನಿಜವಾದ ನೆಮ್ಮದಿ ಕ್ಯೂಡಬ್ಲ್ಯುಕೆ ಪ್ಯಾಕೆಟ್‌ನಲ್ಲಿದೆ. ಹೊಸ ಸಂದೇಶಗಳನ್ನೆಲ್ಲ ಬೋರ್ಡ್ ಒಂದು ಜಿಪ್ ಕಡತವಾಗಿ ಕಟ್ಟಿಕೊಡುತ್ತದೆ. ನೀವು ಸಂಪರ್ಕ ಕಡಿದು ಬಿಡುವಾಗಿ ಓದಬಹುದು. ಮೊದಲು ಯಾವ ಯಾವ ವಿಭಾಗ ಬೇಕೆಂದು ಬೋರ್ಡ್‌ನಲ್ಲಿ ಆರಿಸಿ, ಇಲ್ಲವಾದರೆ ಮೊದಲ ಪ್ಯಾಕೆಟ್ಟೇ ಹಳೆಯ ಸಂದೇಶಗಳಿಂದ ತುಂಬಿಹೋಗುತ್ತದೆ. ಡೌನ್‌ಲೋಡ್‌ಗೆ ಝೆಡ್‌ಮೋಡೆಮ್ ಎಂಬ ಕಡತ ಸಾಗಿಸುವ ವಿಧಾನ ಆರಿಸಿದರೆ ಸಿಂಕ್‌ಟರ್ಮ್ ತಾನಾಗಿ ಇಳಿಸಿಕೊಳ್ಳುತ್ತದೆ. ಆ ಕಡತವನ್ನು ಮಲ್ಟಿಮೇಲ್ ಎಂಬ ಪ್ಯಾಕೆಟ್ ಓದುವ ತಂತ್ರಾಂಶದಲ್ಲಿ ತೆರೆಯಿರಿ. ಅದು ತೆರೆಯದಿದ್ದರೆ ಮೊದಲು ನೋಡಬೇಕಾದದ್ದು ಗಣಕದಲ್ಲಿ ಜಿಪ್, ಅನ್‌ಜಿಪ್ ಎರಡೂ ಇವೆಯೇ ಎಂದು. ಮಲ್ಟಿಮೇಲ್ ಅವನ್ನೇ ನೆಚ್ಚಿಕೊಂಡಿದೆ.

ಒಳಗೆ ಎಂಟರ್ ಒತ್ತಿದಂತೆ ವಿಭಾಗದಿಂದ ಪಟ್ಟಿಗೆ, ಪಟ್ಟಿಯಿಂದ ಸಂದೇಶಕ್ಕೆ ಇಳಿಯುತ್ತೀರಿ. ಉತ್ತರಕ್ಕೆ ಆರ್, ಹೊಸ ಸಂದೇಶಕ್ಕೆ ಇ. ಮುಗಿದ ಮೇಲೆ ಎಫ್2 ಒತ್ತಿ ಉತ್ತರಗಳ ಪ್ಯಾಕೆಟ್ ಕಟ್ಟಿಸಿ. ಪ್ಯಾಕೆಟ್ ಕಟ್ಟದೆ ಬರೆದದ್ದು ಬೋರ್ಡ್‌ಗೆ ಹೋಗುವುದಿಲ್ಲ. ಮತ್ತೆ ಬೋರ್ಡ್‌ಗೆ ಹೋಗಿ ಕ್ಯೂಡಬ್ಲ್ಯುಕೆ ಮೆನುವಿನಲ್ಲಿ ಅಪ್‌ಲೋಡ್ ಕೊಟ್ಟು ಆಲ್ಟ್-ಯು ಒತ್ತಿ ಕಡತ ತೋರಿಸಿ. ಕಡತದ ಹೆಸರು ಬೋರ್ಡ್‌ನ ಗುರುತು, ಕೊನೆಯಲ್ಲಿ ಆರ್ಇಪಿ. ಹೆಸರು ಬದಲಿಸಿದರೆ ಬೋರ್ಡ್ ತಿರಸ್ಕರಿಸಬಹುದು. ಮೂಲ ಕ್ಯೂಡಬ್ಲ್ಯುಕೆ ರೂಪದಲ್ಲಿ ವಿಷಯದ ಸಾಲಿಗೆ ಇರುವುದು 25 ಬೈಟು, ಅಂದರೆ ಕನ್ನಡದಲ್ಲಿ ಎಂಟು ಅಕ್ಷರ, ಗುಣಿತ ಹಚ್ಚಿದರೆ ನಾಲ್ಕೇ. ಹಾಗಾಗಿ ಒಳಗಿನ ಮಾತು ಕನ್ನಡದಲ್ಲಿದ್ದರೂ ವಿಷಯವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.