ಪಡುಕೆರೆಯ ಮನೆಯನ್ನು ದಿನಬಾಡಿಗೆಗೆ ಕೊಟ್ಟ ಮೇಲೆ

ಮಲ್ಪೆ ಪಕ್ಕದ ಪಡುಕೆರೆಯಲ್ಲಿ ನಮ್ಮ ಅಮ್ಮನ ಹಂಚಿನ ಮನೆ ಉಂಟು. ಅದನ್ನು ದಿನಬಾಡಿಗೆಗೆ ಕೊಡಲು ಶುರು ಮಾಡಿದ ಎರಡನೇ ವಾರವೇ ನಾಲ್ಕು ಜನರ ಬುಕಿಂಗಿಗೆ ಒಂಬತ್ತು ಜನ ಬಂದಿಳಿದರು. ನಾನಿದ್ದದ್ದು ಮಣಿಪಾಲದಲ್ಲಿ. ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯ ಅಕ್ಕನ ಫೋನ್ ಬಂತು. "ನಮ್ಮ ಯಜಮಾನರಿಗೆ ಬೆಳಗಿನ ಜಾವ ಮೂರಕ್ಕೆ ಎದ್ದು ಮೀನುಬಂದರಿನ ದಕ್ಕೆಗೆ ಹೋಗ್ಲಿಕ್ಕುಂಟು. ಆ ಸ್ಪೀಕರ್ ನಿಲ್ಲಿಸ್ಲಿಕ್ಕೆ ಹೇಳು ಮಾರಾಯ್ತಿ."

ಹೋಗಿ ನಿಲ್ಲಿಸಿದೆ. ಹುಡುಗರು ಜಗಳಕ್ಕೆ ಬರಲಿಲ್ಲ. "ಸಾರಿ ಮೇಡಂ, ಗೊತ್ತಿರ್ಲಿಲ್ಲ" ಎಂದರು. ಇಪ್ಪತ್ತೆರಡು ನಿಯಮ ಬರೆದು, ಲ್ಯಾಮಿನೇಟ್ ಮಾಡಿಸಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಅದರಲ್ಲಿ ಹತ್ತು ಗಂಟೆಯ ನಂತರ ಸದ್ದು ಬೇಡ ಎಂಬುದೂ ಇತ್ತು. ಅವರು ಅದನ್ನು ಓದಿಯೇ ಇರಲಿಲ್ಲ. ಆರು ಗಂಟೆ ಡ್ರೈವ್ ಮಾಡಿ ಬಂದವರು ಬ್ಯಾಗ್ ಇಟ್ಟು ಮೊದಲು ನೋಡುವುದು ಕಡಲನ್ನು, ಫ್ರಿಜ್ಜನ್ನಲ್ಲ. ನಿಯಮ ಹೇಳಬೇಕಾದದ್ದು ಅವರು ದುಡ್ಡು ಕಟ್ಟುವ ಮೊದಲು ಎಂದು ನನಗೆ ಅರ್ಥವಾದದ್ದು ಆ ರಾತ್ರಿ.

ಈಗ ಬುಕಿಂಗ್ ಕೋರಿಕೆ ಬಂದ ಕೂಡಲೇ ಮೂರು ಪ್ರಶ್ನೆ ಕಳಿಸುತ್ತೇನೆ: ಒಟ್ಟು ಎಷ್ಟು ಜನ, ಯಾವ ಕಾರಣಕ್ಕೆ ಬರುತ್ತೀರಿ, ಎಷ್ಟು ಗಾಡಿ. ಬರುವ ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತೇನೆ. ವಿದೇಶಿಯರಾದರೆ ಹೇಗೂ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ತಿಳಿಸಬೇಕು. ಪ್ರತಿ ತಲೆಗೂ ಚೀಟಿ ಕೊಡಬೇಕೆಂದ ಮೇಲೆ ನಾಲ್ಕು ಒಂಬತ್ತಾಗುವುದು ನಿಂತಿತು. ಪಾರ್ಟಿ ಮಾಡಬಹುದಾ ಎಂದು ಕೇಳುವವರಿಗೆ ಸಿಟ್ಟಿಲ್ಲದೆ ಇಲ್ಲ ಎನ್ನುತ್ತೇನೆ. ಕೇಳಿದವರು ಪ್ರಾಮಾಣಿಕರೇ. ಅವರಿಗೆ ಬೇಕಾದ ಮನೆ ನಮ್ಮದಲ್ಲ, ಅಷ್ಟೆ.

ನನ್ನನ್ನು ಹೆಚ್ಚು ನೋಯಿಸಿದ್ದು ನಾಗಬನದ ವಿಷಯ. ಅಂಗಳದ ಮೂಲೆಯಲ್ಲಿ ನಮ್ಮ ಕುಟುಂಬದ ಬನ ಇದೆ. ಒಂದು ದಿನ ಹೋಗಿ ನೋಡಿದರೆ ಅದರ ಮರದ ಗೆಲ್ಲಿಗೆ ಯಾರೋ ಒದ್ದೆ ಬಟ್ಟೆ ಒಣಗಲು ಹಾಕಿದ್ದಾರೆ, ಕಟ್ಟೆಯ ಮೇಲೆ ಚಪ್ಪಲಿಯ ಮಣ್ಣು. ಅಮ್ಮ ಇದ್ದಿದ್ದರೆ ಆ ದಿನವೇ ಮನೆಗೆ ಬೀಗ ಹಾಕಿಸುತ್ತಿದ್ದರು. ನಾನು "ಪ್ರವೇಶವಿಲ್ಲ" ಎಂಬ ಬೋರ್ಡು ಹಾಕಿದೆ. ಬೋರ್ಡು ಕಂಡವರು ಒಳಗೇನಿದೆ ಎಂದು ಇನ್ನೂ ಹತ್ತಿರ ಹೋದರು! ಬೋರ್ಡು ಕಿತ್ತು ಹಾಕಿ, ಬಂದವರನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋಗತೊಡಗಿದೆ. "ಇದು ನಮ್ಮ ನಾಗನ ಜಾಗ. ನಾಗರಪಂಚಮಿಗೆ ತನು ಹಾಕುವುದು, ಅಂದರೆ ನಾಗನಿಗೆ ಹಾಲೆರೆಯುವುದು, ಇಲ್ಲಿ. ಈ ಮರದ ಎಲೆಯನ್ನೂ ನಾವು ಕೀಳುವುದಿಲ್ಲ." ಎರಡು ನಿಮಿಷದ ಮಾತು. ಅದಾದ ಮೇಲೆ ಒಬ್ಬರೂ ದಾಟಿಲ್ಲ. ಬೆಂಗಳೂರಿನಿಂದ ಬಂದಿದ್ದ ಒಂದು ಪುಟ್ಟ ಹುಡುಗಿಯಂತೂ ಚಪ್ಪಲಿ ಕಳಚಿಟ್ಟು ಕೈಮುಗಿದು ನಿಂತಿತ್ತು.

ನೀರಿನದ್ದು ಬೇರೆ ಕಥೆ. ಪಡುಕೆರೆ ಎಂದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸಪೂರ ಮರಳಿನ ಪಟ್ಟಿ. ಇಂಥ ಕಡೆ ಮಳೆಯ ಸಿಹಿನೀರು ಅಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಜೋರಾಗಿ ಪಂಪ್ ಮಾಡಿದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಮೊದಲ ಏಪ್ರಿಲ್‌ನಲ್ಲಿ ಒಂದು ತಂಡ ಕಾಲಿನ ಮರಳು ತೊಳೆಯಲೂ ಶವರ್ ಬಿಟ್ಟು, ಟ್ಯಾಂಕ್ ಖಾಲಿಯಾದಾಗಲೆಲ್ಲ ಪಂಪ್ ಹಾಕಿತು. ಮರುದಿನ ಬಾವಿಯ ನೀರು ಉಪ್ಪುಪ್ಪು. "ನೀರು ಮಿತವಾಗಿ ಬಳಸಿ" ಎಂದು ಬರೆದು ಪ್ರಯೋಜನವಿಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ. ಗೇಟಿನ ಹತ್ತಿರವೇ ಒಂದು ಸಣ್ಣ ನಳ್ಳಿ, ಕೂರಲು ಒಂದು ಕಲ್ಲು ಇಡಿಸಿದೆ. ಪಂಪಿಗೆ ಟೈಮರ್ ಹಾಕಿಸಿದೆ. ಈಗ ಮರಳು ಹೊರಗೇ ಉಳಿಯುತ್ತದೆ, ಬಾವಿಗೂ ಉಸಿರಾಡಲು ಹೊತ್ತು ಸಿಗುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಹೊಸದಾಗಿ ಶುರು ಮಾಡುವವರು ನಿಯಮ ಬರೆಯುವ ಮೊದಲು, ಈ ಕೆಲಸವನ್ನು ಒಂದು ನಳ್ಳಿಯೋ ಕೊಕ್ಕೆಯೋ ಕಸದ ಬುಟ್ಟಿಯೋ ಮಾಡಬಹುದಾ ಎಂದು ನೋಡಿ.

ಹಾನಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪ್ರತಿ ಸಲ ಬರುವ ಮುಂಚೆ, ಹೋದ ಮೇಲೆ ಫೋಟೋ ತೆಗೆಯಿರಿ. ಮನೆ ಬಾಡಿಗೆಯ ಆ್ಯಪ್ ಏರ್‌ಬಿಎನ್‌ಬಿಯಲ್ಲಿ ಅತಿಥಿ ಹೋದ 14 ದಿನದೊಳಗೆ ಪರಿಹಾರ ಕೇಳಬೇಕು. ಫೋಟೋ ಇಲ್ಲದಿದ್ದರೆ ಕೇಳುವುದು ಕಷ್ಟ. ಮನೆಯೊಳಗೆ ಕ್ಯಾಮೆರಾ ಇಡುವ ಯೋಚನೆಯೇ ಬೇಡ. ಏರ್‌ಬಿಎನ್‌ಬಿಯಲ್ಲಿ 2024ರಿಂದ ಅದಕ್ಕೆ ಅವಕಾಶವೂ ಇಲ್ಲ, ಇದ್ದರೂ ಅದು ಸರಿಯಲ್ಲ.

ಕ್ಯಾಮೆರಾಕ್ಕಿಂತ ದೊಡ್ಡ ಕಾವಲು ನನಗೆ ಸಿಕ್ಕಿದ್ದು ಆ ಪಕ್ಕದ ಮನೆಯ ಅಕ್ಕನಲ್ಲಿ. ಈಗ ಬೀಗದಕೈ ಕೊಡುವುದು ಅವರೇ, ಬೇಕೆಂದವರಿಗೆ ಮೀನೂಟ ಮಾಡಿಕೊಡುವುದೂ ಅವರೇ. ಎರಡಕ್ಕೂ ದುಡ್ಡು ಅವರಿಗೇ. ಮಧ್ಯಾಹ್ನ ಅವರ ಕೈಯ ಬಂಗುಡೆ ಪುಳಿಮುಂಚಿ ಉಂಡವರು, ಅವರ ಗಂಡ ಮೂರಕ್ಕೆ ಏಳುತ್ತಾರೆಂದು ತಿಳಿದವರು, ರಾತ್ರಿ ತಾವಾಗಿಯೇ ಸದ್ದು ತಗ್ಗಿಸುತ್ತಾರೆ.

ಒಂದು ನಿಯಮವನ್ನು ಮಾತ್ರ ಪಾಲಿಸುವಂತೆ ಮಾಡಲು ನನಗೆ ಆಗಲಿಲ್ಲ. ಮಳೆಗಾಲದ ಕಡಲಿಗೆ ಇಳಿಯಬೇಡಿ ಎಂಬುದು. ದಡಕ್ಕೆ ಬಂದ ನೀರು ಒಂದೊಂದು ಕಡೆ ಹೊಳೆಯ ಹಾಗೆ ಹಿಂದಕ್ಕೆ ಎಳೆಯುತ್ತದೆ. ಆ ಜಾಗದಲ್ಲೇ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಗೊತ್ತಿಲ್ಲದವರು ಅಲ್ಲೇ ಇಳಿಯುತ್ತಾರೆ. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೂ ಒಂದು ಜುಲೈ ಸಂಜೆ ಇಬ್ಬರು ಸೊಂಟದ ನೀರಿನಲ್ಲಿ ನಿಂತಿದ್ದರು. ಅಕ್ಕನ ಗಂಡ ಕೂಗಿ ಕರೆದು ಮೇಲೆ ಹತ್ತಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಸೈಂಟ್ ಮೇರೀಸ್ ದ್ವೀಪದ ಬೋಟೂ ನಿಲ್ಲುತ್ತದೆ. ನಾನೇಕೆ ತೆರೆದಿಡಬೇಕು?

ಈಗ ಮೇ ಕೊನೆಗೆ ಕ್ಯಾಲೆಂಡರ್ ಮುಚ್ಚಿ, ಸೆಪ್ಟೆಂಬರ್ ಕಳೆದ ಮೇಲೆ ತೆರೆಯುತ್ತೇನೆ. ಆ ನಾಲ್ಕು ತಿಂಗಳ ದುಡ್ಡು ಇಲ್ಲ. ಹಂಚು ಸರಿಮಾಡಿಸುವುದು, ಬಾಗಿಲಿಗೆ ಎಣ್ಣೆ ಹಚ್ಚಿಸುವುದು ಮಳೆ ಬಿಡುವು ಕೊಟ್ಟ ದಿನ ನಡೆಯುತ್ತದೆ. ನಾಗರಪಂಚಮಿಗೆ ನಮ್ಮವರೆಲ್ಲ ಅಲ್ಲೇ ಸೇರುತ್ತೇವೆ.