ಸರ್ವಾಧಿಕಾರಿಗೆ ವಕಾಲತ್ತು ವಹಿಸೋರನ್ನು ಹಿಡಿಯೋದು ಹೇಗೆ?

ಗೋವಾದ ವಾಸ್ಕೊದಲ್ಲಿ ನಾವು ನಾಲ್ಕೈದು ಜನ ಕನ್ನಡದವರು ಭಾನುವಾರ ಬೆಳಿಗ್ಗೆ ಪಾವ್ ಭಾಜಿ ತಿನ್ನೋಕೆ ಸೇರುತ್ತೇವೆ. ಹಾವೇರಿ ಕಡೆಯ ಕಾಕಾ ಒಬ್ಬರು ಪ್ರತಿ ಸಲ ಒಂದೇ ಮಾತು ಎತ್ತುತ್ತಾರೆ. "ಸಾಲಾಜಾರ್ ಕಾಲದಾಗ ಬಾಗಿಲಾ ತೆರದಿಟ್ರೂ ಕಳ್ಳತನ ಆಗ್ತಿದ್ದಿಲ್ಲಂತ. ಅಂಥಾವ ಒಬ್ಬ ಬೇಕ ನೋಡ." ಸಾಲಾಜಾರ್ ಅಂದರೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಪೋರ್ಚುಗಲ್ ಆಳುತ್ತಿದ್ದ ಸರ್ವಾಧಿಕಾರಿ. ಕಾಕಾ ಆ ಕಾಲ ಕಂಡವರೇ ಅಲ್ಲ, ಗೋವಾಕ್ಕೆ ಬಂದಿದ್ದೇ 1980ರ ಮೇಲೆ. ಅವರ ಮಾತಿಗೆ ನಕ್ಕು ಸುಮ್ಮನಾಗಬಹುದು. ಅದನ್ನೇ ಟಿವಿಯಲ್ಲಿ ಕೋಟು ಹಾಕಿ ಕೂತವರು, ಫಾರಿನ್ ಟೂರ್ ಮುಗಿಸಿ ಬಂದ ಮುಖಂಡರು ಹೇಳಿದಾಗ ಮಾತ್ರ ಹಿಡಿಯೋಕೆ ಸ್ವಲ್ಪ ಅಭ್ಯಾಸ ಬೇಕು.

ಮೊದಲು, ಕೊಂದವರು ಯಾರು ಅನ್ನೋದು ವಾಕ್ಯದಲ್ಲಿ ಇದೆಯಾ ನೋಡಿ. "ಸೈನಿಕರು ಹತ್ತು ಜನರನ್ನು ಕೊಂದರು" ಅನ್ನೋದು ಒಂದು, "ಘರ್ಷಣೆಯಲ್ಲಿ ಹತ್ತು ಸಾವು" ಅನ್ನೋದು ಇನ್ನೊಂದು. ಎರಡನೆಯದರಲ್ಲಿ ಕೊಂದವನೇ ಮಾಯ. ಈ ವಿದ್ಯೆಯಲ್ಲಿ ವಾಲ್ಟರ್ ಡುರಾಂಟಿಯನ್ನು ಮೀರಿಸಿದವರು ಕಡಿಮೆ. ಈತ ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೋ ವರದಿಗಾರ, 1932ರಲ್ಲಿ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಗೆದ್ದವನು. 1933ರಲ್ಲಿ ಸ್ಟಾಲಿನ್ ಸರ್ಕಾರ ಧಾನ್ಯ ಎತ್ತಿಕೊಂಡು ಹೋಗಿ ಉಕ್ರೇನ್‌ನಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ ಈತ ಬರೆದದ್ದು ಏನು ಗೊತ್ತಾ? ಹಸಿವಿನಿಂದ ಸತ್ತವರಿಲ್ಲ, ಸರಿಯಾದ ಆಹಾರ ಸಾಲದೆ ಬಂದ ರೋಗಗಳಿಂದ ಸಾವು ಜಾಸ್ತಿಯಾಗಿದೆ ಅಂತ! ಅದೇ ಹೊತ್ತಿಗೆ ಗ್ಯಾರೆತ್ ಜೋನ್ಸ್ ಅನ್ನೋ ಯುವ ಪತ್ರಕರ್ತ ಹಳ್ಳಿ ಹಳ್ಳಿ ನಡೆದು ನೋಡಿ ನಿಜ ಹೇಳಿದ್ದ. ಹಾಗಾಗಿ, ಹೇಳುತ್ತಿರುವವನು ಹೋಗಿ ನೋಡಿದ್ದಾನಾ, ಅರಮನೆಯ ಊಟ ಮಾಡಿ ಬಂದಿದ್ದಾನಾ ಅಂತಲೂ ಕೇಳಿ.

ಆಮೇಲೆ, ಹೆಸರು ಬದಲಾಯಿಸುವ ಆಟ. ಇದಕ್ಕೆ ನಾವು ದೂರ ಹೋಗಬೇಕಿಲ್ಲ. 1951ರಲ್ಲಿ ಸಾಲಾಜಾರ್ ಸರ್ಕಾರ ಸಂವಿಧಾನದಲ್ಲಿ 'ವಸಾಹತು' ಅನ್ನೋ ಪದ ತೆಗೆದು 'ಸಾಗರದಾಚೆಯ ಪ್ರಾಂತ್ಯ' ಅಂತ ಹಾಕಿತು. ಗೋವಾ ಅದೇ, ಪೊಲೀಸರು ಅವರೇ, ಪದ ಮಾತ್ರ ಹೊಸದು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ, ಕೈಯಲ್ಲಿ ಒಂದು ಕೋಲೂ ಇಲ್ಲದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದರು. ಗೋವಾ ಗಡಿಯ ಪತ್ರಾದೇವಿಯಲ್ಲಿ ಅವರ ಸ್ಮಾರಕವಿದೆ. ಇದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಫಾಸ್ಟರ್ ಡಲ್ಲೆಸ್ ಪೋರ್ಚುಗಲ್ ಮಂತ್ರಿಯ ಜೊತೆ ಕೂತು ಹೊರಡಿಸಿದ ಹೇಳಿಕೆಯಲ್ಲಿ 'ಪ್ರಾಂತ್ಯ' ಅನ್ನೋ ಅದೇ ಪದ! ಪೋರ್ಚುಗಲ್ ಅಮೆರಿಕದ ಸೇನಾ ಮೈತ್ರಿಕೂಟ ನೇಟೋದಲ್ಲಿತ್ತು, ಪೋರ್ಚುಗಲ್ಲಿನ ಅಝೋರ್ಸ್ ದ್ವೀಪಗಳಲ್ಲಿ ಅಮೆರಿಕಕ್ಕೆ ಸೇನಾ ನೆಲೆ ಬೇಕಿತ್ತು. ಆದ್ದರಿಂದ ಹೊಗಳುವವನಿಗೆ ಏನು ಸಿಗುತ್ತಿದೆ ಅಂತ ನೋಡಿ. ಕೆಲವೊಮ್ಮೆ ಅವರೇ ಹೇಳಿಬಿಡುತ್ತಾರೆ. ಸೌದಿ ಪತ್ರಕರ್ತ ಖಶೋಗಿ ಕೊಲೆಯಾದ ಮೇಲೆ 2018ರ ನವೆಂಬರ್‌ನಲ್ಲಿ ಟ್ರಂಪ್, ಸೌದಿ ಯುವರಾಜನಿಗೆ ಗೊತ್ತಿತ್ತೋ ಇಲ್ಲವೋ ಅಂದ ಹೇಳಿಕೆಯಲ್ಲೇ ಶಸ್ತ್ರಾಸ್ತ್ರ ವ್ಯಾಪಾರದ ಲೆಕ್ಕವನ್ನೂ ಕೊಟ್ಟಿದ್ದರು.

'ಆದರೆ' ಬಂದರೆ ಕಿವಿ ನೆಟ್ಟಗೆ ಮಾಡಿ. "ಹಿಂಸೆ ತಪ್ಪೇ, ಆದರೆ ರಸ್ತೆ ನೋಡಿ." ಚಿಲಿಯ ಸರ್ವಾಧಿಕಾರಿ ಪಿನೋಚೆ ಆಳ್ವಿಕೆಯಲ್ಲಿ ಸತ್ತವರು, ಕಾಣೆಯಾದವರು 3,000ಕ್ಕೂ ಹೆಚ್ಚು. ಇದು ಚಿಲಿಯ ಸರ್ಕಾರಿ ಆಯೋಗಗಳದೇ ಲೆಕ್ಕ. 1999ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಥ್ಯಾಚರ್ ಅವನನ್ನು ನೋಡೋಕೆ ಹೋಗಿ, ಚಿಲಿಗೆ ಪ್ರಜಾಪ್ರಭುತ್ವ ತಂದಿದ್ದಕ್ಕೆ ಥ್ಯಾಂಕ್ಸ್ ಹೇಳಿ ಬಂದರು. ಇಂಥ ಕಡೆ ವಾಕ್ಯವನ್ನು ತಿರುಗಿಸಿ ಹೇಳಿ ನೋಡಿ: "ರಸ್ತೆ ಚೆನ್ನಾಗಿದೆ, ಆದರೆ ಜನರನ್ನು ಕೊಂದರು." ತೂಕ ಎಲ್ಲಿ ಬಿತ್ತು?

"ನೀವೇನು ಕಮ್ಮಿನಾ?" ಅಂದರೆ "ನಮ್ಮದೂ ತಪ್ಪೇ, ಈಗ ನಿಮ್ಮದು ಹೇಳಿ" ಅನ್ನಿ, ಸಾಕು.

ಒಂದು ಎಚ್ಚರಿಕೆ. ಸರ್ವಾಧಿಕಾರಿಯ ಶತ್ರು ಹೇಳಿದ್ದೆಲ್ಲ ನಿಜವಲ್ಲ. ಇರಾಕ್ ಸೈನಿಕರು ಕುವೈತ್ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ಬಿಸಾಕಿದರು ಅಂತ 1990ರಲ್ಲಿ ಒಬ್ಬ ಹುಡುಗಿ ಅಮೆರಿಕದಲ್ಲಿ ಅತ್ತು ಹೇಳಿದ್ದಳು. ಆಮೇಲೆ ನೋಡಿದರೆ ಆಕೆ ಕುವೈತ್ ರಾಯಭಾರಿಯ ಮಗಳು, ಕಥೆಗೆ ಆಧಾರವೇ ಇರಲಿಲ್ಲ. ಸದ್ದಾಂ ಕೊಲೆಗಡುಕನೇ, ಆದರೂ ಸುಳ್ಳು ಸುಳ್ಳೇ.

ಇನ್ನು ಕಾಕಾನಂಥವರ ಮೇಲೆ ಇದನ್ನೆಲ್ಲ ಒಟ್ಟಿಗೆ ಸುರಿಯಬೇಡಿ. ಒಂದೇ ಪ್ರಶ್ನೆ ಕೇಳಿ. ನಾನು ಕೇಳಿದ್ದು, "ಕಾಕಾ, ಸಾಲಾಜಾರ್‌ನ ಬೈದವ್ರು ಎಲ್ಲಿದ್ರು ಆಗ?" ಉತ್ತರ ಬರಲಿಲ್ಲ. ಅಗ್ವಾದ ಕೋಟೆಗೆ ಕರೆದುಕೊಂಡು ಹೋದೆ. ಹೋರಾಟಗಾರರನ್ನು ಕೂಡಿ ಹಾಕಿದ್ದ ಜೈಲು ಈಗ ಅಲ್ಲಿ ಮ್ಯೂಸಿಯಂ ಆಗಿದೆ. ಕಾಕಾ ಒಂದು ಕೋಣೆಯೊಳಗೆ ಹೋಗಿ ಸ್ವಲ್ಪ ಹೊತ್ತು ನಿಂತರು. ಮುಂದಿನ ಭಾನುವಾರ ಮತ್ತೆ ಅದೇ ಕಳ್ಳತನದ ಮಾತು ಬಂತು. "ಅಂಥಾವ ಒಬ್ಬ ಬೇಕ" ಅನ್ನೋದು ಮಾತ್ರ ಬರಲಿಲ್ಲ.