ಸಣ್ಣ ಕಚೇರಿಯಲ್ಲಿ ನಂಬಿಕೆ ಗಳಿಸುವ ಬಗೆ: ಹೊಸ ಮೇಲಧಿಕಾರಿಗಳಿಗೆ ಕೆಲವು ಸೂಚನೆಗಳು

ಕೇರಳದ ಗಡಿನಾಡಾದ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಪೇಟೆಗಳಲ್ಲಿ ಸೇವಾ ಸಹಕಾರಿ ಬ್ಯಾಂಕಿನ ಕಾರ್ಯದರ್ಶಿಯಾಗಿಯೋ ಶಾಖೆಯ ಮುಖ್ಯಸ್ಥರಾಗಿಯೋ ಅಧಿಕಾರ ವಹಿಸಿಕೊಳ್ಳುವವರಿಗೆ ಸಾಲದ ನಿಯಮಗಳೂ ಲೆಕ್ಕಪರಿಶೋಧನೆಯ ಕ್ರಮಗಳೂ ತಿಳಿದಿರುತ್ತವೆ. ಕೌಂಟರಿನ ಹಿಂದೆ ಕುಳಿತವರ ನಂಬಿಕೆಯನ್ನು ಗಳಿಸುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಲ್ಲಿನ ಕಚೇರಿಗಳಲ್ಲಿ ಸಿಬ್ಬಂದಿ ಪರಸ್ಪರ ಅಪರಿಚಿತರಲ್ಲ. ಒಬ್ಬರು ನೆರೆಮನೆಯವರು, ಇನ್ನೊಬ್ಬರು ನೆಂಟರು, ಮತ್ತೊಬ್ಬರು ಆಡಳಿತ ಮಂಡಳಿಯ ಸದಸ್ಯರ ಸಹಪಾಠಿ. ಇಷ್ಟು ಪರಿಚಯವಿರುವಾಗ ನಂಬಿಕೆ ತಾನಾಗಿಯೇ ಇರುತ್ತದೆಂದು ಭಾವಿಸಿಬಿಟ್ಟರೆ ಕೆಲಸ ಆರಂಭದಲ್ಲೇ ಕೆಡುತ್ತದೆ.

ರೋಜರ್ ಮೇಯರ್, ಜೇಮ್ಸ್ ಡೇವಿಸ್ ಮತ್ತು ಡೇವಿಡ್ ಸ್ಕೂರ್ಮನ್ ಎಂಬ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಬ್ಬರು ನಂಬಿಕೆಗೆ ಅರ್ಹರೇ ಎಂದು ಜನ ಅಳೆಯುವುದು ಮೂರು ಗುಣಗಳಿಂದ: ಕೆಲಸದ ಸಾಮರ್ಥ್ಯ, ತಮ್ಮ ಬಗೆಗಿರುವ ಹಿತಚಿಂತನೆ, ಮತ್ತು ಪ್ರಾಮಾಣಿಕತೆ. ನನ್ನ ಅಭಿಪ್ರಾಯದಲ್ಲಿ ಗಡಿನಾಡಿನ ಸಣ್ಣ ಕಚೇರಿಯಲ್ಲಿ ಮೊದಲು ಪರೀಕ್ಷೆಗೆ ಒಳಗಾಗುವುದು ಮೂರನೆಯದು. ಏಕೆಂದರೆ ಮೇಲಧಿಕಾರಿ ಗುಮಾಸ್ತರೊಬ್ಬರ ಬಗ್ಗೆ ಮಧ್ಯಾಹ್ನ ಆಡಿದ ಮಾತು ಸಂಜೆಯೊಳಗೆ ಮದುವೆಮನೆಯ ಮೂಲಕವೋ ಅಡಿಕೆ ಅಂಗಡಿಯ ಮೂಲಕವೋ ಅವರ ಮನೆಯನ್ನು ತಲುಪಿರುತ್ತದೆ. ಆದುದರಿಂದ ಎದುರಿಗೆ ಹೇಳಲಾಗದ್ದನ್ನು ಬೆನ್ನ ಹಿಂದೆಯೂ ಹೇಳದಿರುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಮಾತು ಕೊಡುವಾಗಲೂ ಹಿಡಿತವಿರಲಿ. ಬಡ್ತಿಯಂತಹ, ಆಡಳಿತ ಮಂಡಳಿಯ ಕೈಯಲ್ಲಿರುವ ವಿಷಯಗಳಲ್ಲಿ ‘ನೋಡೋಣ, ಮಾಡಿಕೊಡೋಣ’ ಎನ್ನುವುದಕ್ಕಿಂತ ‘ಇದು ನನ್ನ ತೀರ್ಮಾನವಲ್ಲ, ಮುಂದಿನ ಸಭೆಯಲ್ಲಿ ಮಂಡಿಸಿ ಮರುದಿನ ತಿಳಿಸುತ್ತೇನೆ’ ಎನ್ನುವುದು ಲೇಸು. ತೀರ್ಮಾನ ಪ್ರತಿಕೂಲವಾಗಿದ್ದರೂ ಆ ಮರುದಿನ ತಪ್ಪಬಾರದು.

ಸಿಬ್ಬಂದಿಯನ್ನು ಬೆಳೆಸುವ ಕೆಲಸ ಆರಂಭವಾಗುವುದು ಪ್ರತಿಯೊಬ್ಬರೊಡನೆಯೂ ಪ್ರತ್ಯೇಕವಾಗಿ, ನಿಯತವಾಗಿ ಕುಳಿತು ಮಾತನಾಡುವುದರಿಂದ. ತರಬೇತುದಾರ ಜಾನ್ ವಿಟ್ಮೋರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ‘ಗ್ರೋ’ ಎಂಬ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಗುರಿ ಯಾವುದು, ಈಗಿನ ಸ್ಥಿತಿ ಏನು, ಇರುವ ದಾರಿಗಳೇನು, ಯಾವುದನ್ನು ಯಾವಾಗ ಮಾಡುವುದು ಎಂಬ ಪ್ರಶ್ನೆಗಳನ್ನು ಅದೇ ಅನುಕ್ರಮದಲ್ಲಿ ಕೇಳಬೇಕು. ಬಾಕಿ ವಸೂಲಿಯ ಹೊಣೆಯಿರುವ ಗುಮಾಸ್ತೆಯೊಬ್ಬರು ಹಿಂದೆ ಬಿದ್ದಿದ್ದಾರೆಂದು ಊಹಿಸಿ. ‘ಈ ತಿಂಗಳು ಎಷ್ಟು ಮಂದಿಯನ್ನು ಕಂಡರೆ ಸಾಕೆಂದು ನಿಮಗೆ ಅನಿಸುತ್ತದೆ?’ ಎಂದು ಕೇಳಿದ ಮೇಲೆ ‘ಈಗ ಎಲ್ಲಿ ತಡೆಯಾಗಿದೆ?’ ಎಂದು ಕೇಳಿ ಸುಮ್ಮನಿರಬೇಕು. ‘ಕೊಳೆರೋಗದಿಂದ ಫಸಲು ಹೋದವರೇ ಹೆಚ್ಚು ಸರ್. ನೆರೆಕರೆಯವರು ಬೇರೆ. ಅವರ ಅಂಗಳದಲ್ಲಿ ನಿಂತು ಹಣ ಕೇಳುವುದಕ್ಕೆ ಬಾಯಿ ಬರುವುದಿಲ್ಲ’ ಎಂಬ ಉತ್ತರ ಬರುವುದು ಆ ಮೌನದ ಬಳಿಕವೇ. ನಡುವೆ ಬಾಯಿ ಹಾಕಿದ್ದರೆ ಬರುತ್ತಿದ್ದುದು ‘ಸಮಯ ಸಿಗಲಿಲ್ಲ’ ಎಂಬ ಉತ್ತರ. ಕಾರಣ ತಿಳಿದ ಮೇಲೆ ದಾರಿಗಳನ್ನು ಮೊದಲು ಅವರಿಂದಲೇ ಹೇಳಿಸಬೇಕು: ಆ ಮನೆಗಳಿಗೆ ಬೇರೊಬ್ಬರನ್ನು ಕಳುಹಿಸಬಹುದು, ಕಂತನ್ನು ಕೊಯ್ಲಿನ ಸಮಯಕ್ಕೆ ಹೊಂದಿಸುವಂತೆ ಮಂಡಳಿಗೆ ಮನವಿ ಸಲ್ಲಿಸಬಹುದು. ಕೊನೆಗೆ ‘ಸೋಮವಾರದೊಳಗೆ ಯಾವುದನ್ನು ಮಾಡುವಿರಿ, ನನ್ನಿಂದ ಏನು ಆಗಬೇಕು?’ ಎಂದು ಕೇಳಿ ಇಬ್ಬರೂ ಬರೆದಿಟ್ಟುಕೊಳ್ಳಬೇಕು. ಇದನ್ನು ಎಲ್ಲದಕ್ಕೂ ಹಚ್ಚುವುದು ಸರಿಯಲ್ಲ. ಬಡ್ಡಿ ಲೆಕ್ಕ ಹಾಕುವ ಕ್ರಮವನ್ನು ಕೇಳಿ ಬಂದವರಿಗೆ ‘ನಿಮಗೇನು ಅನಿಸುತ್ತದೆ?’ ಎಂದು ಮರುಪ್ರಶ್ನೆ ಹಾಕುವುದು ಶುದ್ಧ ಕಿರುಕುಳ.

ತಿದ್ದುವ ಮಾತನ್ನು ಕೌಂಟರಿನಲ್ಲಿ, ಗ್ರಾಹಕರೆದುರು ಆಡಬಾರದೆಂಬುದು ಎಲ್ಲರಿಗೂ ತಿಳಿದದ್ದೇ. ಅದನ್ನು ಆಡುವ ರೀತಿಯೂ ಅಷ್ಟೇ ಮುಖ್ಯ. ಅವ್ರಹಾಂ ಕ್ಲುಗರ್ ಮತ್ತು ಏಂಜೆಲೋ ಡೆನಿಸಿ ಎಂಬ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೂರನೆಯ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯಿಂದ (ಫೀಡ್‌ಬ್ಯಾಕ್) ಕೆಲಸ ಇನ್ನಷ್ಟು ಕೆಟ್ಟಿರುವುದು ಕಂಡುಬಂತು. ಗಮನ ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆಗೆ ಹರಿದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆಂಬುದು ಅವರ ವಿವರಣೆ. ಹಾಗಾಗಿ ‘ನೀವು ಅಜಾಗರೂಕರು’ ಎನ್ನದೆ ‘ನಿನ್ನೆಯ ಎರಡು ವೋಚರುಗಳಲ್ಲಿ ಸಹಿ ಬಿಟ್ಟುಹೋಗಿದೆ’ ಎನ್ನಬೇಕು.

ಕಾಸರಗೋಡಿನಲ್ಲಿ ಭಾಷೆಯೂ ನಂಬಿಕೆಯ ವಿಷಯವೇ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಗ್ರಾಹಕರು ತುಳುವಿನಲ್ಲಿ ಮಾತನಾಡುತ್ತಾರೆ, ಗುಮಾಸ್ತರು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಸಿಬ್ಬಂದಿ ಸಭೆ ಒಂದೇ ಭಾಷೆಯಲ್ಲಿ ನಡೆದರೆ ಉಳಿದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ಅದನ್ನು ಒಪ್ಪಿಗೆಯೆಂದು ತಿಳಿಯಬಾರದು. ಸಭೆಯಲ್ಲಿ ಪ್ರತಿಯೊಬ್ಬರೂ ತಮಗೆ ಸಲೀಸಾದ ಭಾಷೆಯಲ್ಲಿ ಮಾತನಾಡಲಿ, ತೀರ್ಮಾನವನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆದು ಹಾಕಲಿ. ಇನ್ನೂ ಒಂದು ಮಾತು: ಮೇಲಧಿಕಾರಿ ತನ್ನ ಮನೆಮಾತಿನವರೊಡನೆ ಮಾತ್ರ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರೆ, ಮಾತು ಹವಾಮಾನದ ಬಗ್ಗೆಯಾಗಿದ್ದರೂ ಉಳಿದವರಿಗೆ ಅದು ಗುಟ್ಟಾಗಿಯೇ ಕೇಳಿಸುತ್ತದೆ.

ನಂಬಿಕೆಯಿದ್ದಲ್ಲಿ ತಪಾಸಣೆ ಬೇಡವೆಂಬ ವಾದ ಸಹಕಾರಿ ಸಂಸ್ಥೆಗಳಿಗೆ ಅಪಾಯಕಾರಿ. ಅಡವಿಟ್ಟ ಚಿನ್ನವಿರುವ ತಿಜೋರಿಗೆ ಇಬ್ಬರ ಕೈಯಲ್ಲಿ ಎರಡು ಬೀಗದ ಕೈಗಳಿರುವುದು ಯಾರ ಮೇಲಿನ ಸಂಶಯದಿಂದಲೂ ಅಲ್ಲ. ನಾಳೆ ಏನಾದರೂ ವ್ಯತ್ಯಾಸ ಬಂದರೆ ಒಬ್ಬರೇ ಆರೋಪಕ್ಕೆ ಗುರಿಯಾಗದಿರಲೆಂದು. ಇದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು ಮತ್ತು ಆ ನಿಯಮಕ್ಕೆ ಮೇಲಧಿಕಾರಿಯೂ ಒಳಪಡಬೇಕು. ‘ನಾನೇ ಅಲ್ಲವೇ, ಬೀಗದ ಕೈ ಇತ್ತ ಕೊಡಿ’ ಎಂದು ಎರಡನೆಯ ಕೀಲಿಯನ್ನು ಒಮ್ಮೆ ಪಡೆದವರ ತಪಾಸಣೆಗೆ ಮುಂದೆ ಬೆಲೆಯಿರುವುದಿಲ್ಲ.

ತಪ್ಪುಗಳು ಹೊರಬರುವ ಪ್ರಮಾಣವನ್ನೂ ಎಚ್ಚರದಿಂದ ಓದಬೇಕು. ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮುಂದಾಳುತನವಿದ್ದ ವಾರ್ಡುಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಹೇಳಲು ಅಂಜುತ್ತಿರಲಿಲ್ಲವೆಂಬುದು ಅದಕ್ಕೆ ಅವರು ಕಂಡುಕೊಂಡ ಕಾರಣ. ನಗದು ಎಣಿಕೆಯಲ್ಲಿ ಐನೂರು ರೂಪಾಯಿ ಕಡಿಮೆಯೆಂದು ಕ್ಯಾಷಿಯರ್ ತಾವಾಗಿಯೇ ಬಂದು ಹೇಳಿದಾಗ ಮೇಲಧಿಕಾರಿಯ ಮೊದಲ ವಾಕ್ಯವನ್ನು ಇಡೀ ಕಚೇರಿ ಕಿವಿಗೊಟ್ಟು ಕೇಳುತ್ತದೆ. ‘ಹೇಳಿದ್ದು ಒಳ್ಳೆಯದಾಯಿತು, ಬನ್ನಿ, ಚೀಟಿಗಳನ್ನು ಮೊದಲಿನಿಂದ ನೋಡೋಣ’ ಎಂದು ಆರಂಭಿಸಿ, ನಿಯಮದಂತೆ ಆಗಬೇಕಾದ ವರದಿಯನ್ನು ಆಮೇಲೆ ಅವರೊಡನೆ ಕುಳಿತೇ ಬರೆಯಬಹುದು.

ಹಿಂದಿನವರ ಕಾಲದಲ್ಲಿ ಸಂಬಂಧಗಳು ಕೆಟ್ಟಿರುವ ಶಾಖೆಗೆ ಹೋಗಬೇಕಾಗಿ ಬಂದರೆ ಭಾಷಣದಿಂದ ಆರಂಭಿಸಬೇಡಿ. ಈಡೇರದೆ ಬಾಕಿ ಉಳಿದಿರುವ ಮಾತುಗಳು ಯಾವುವೆಂದು ಪ್ರತಿಯೊಬ್ಬರನ್ನೂ ಕೇಳಿ ಪಟ್ಟಿ ಮಾಡಿ, ನಿಮ್ಮ ಅಧಿಕಾರದೊಳಗಿರುವ ಒಂದನ್ನು, ಅದು ಹಾಳಾದ ಫ್ಯಾನಿನ ದುರಸ್ತಿಯೇ ಆಗಿರಲಿ, ಅದೇ ವಾರ ಮುಗಿಸಿಕೊಡಿ. ಆಗದವುಗಳ ಬಗ್ಗೆ ಆಗುವುದಿಲ್ಲವೆಂದು ಕಾರಣಸಹಿತ ತಿಳಿಸಿ.